ಮೂರು ಊರಿನ ಗುಳಿಗೆ

ನಮ್ಮ ಕಡೆಯ ಮನೆಗಳಲ್ಲಿ ಔಷಧಿಯ ಚೀಲಕ್ಕೆ ದೇವರ ಗೂಡಿನ ಪಕ್ಕದಲ್ಲಿಯೇ ಸ್ಥಳ. ಮುಂಜಾನೆ ವಿಭೂತಿಗೆ ಹೋದ ಕೈ ಅಲ್ಲಿಂದ ನೇರವಾಗಿ ಆ ಚೀಲಕ್ಕೆ ಹೋಗುತ್ತದೆ. ವಿಭೂತಿ ಏತಕ್ಕೆಂದು ಹೇಗೆ ಯಾರೂ ಕೇಳುವುದಿಲ್ಲವೋ ಹಾಗೆಯೇ ಗುಳಿಗೆ ಏತಕ್ಕೆಂದೂ ಕೇಳುವುದಿಲ್ಲ. “ಡಾಕ್ಟರು ಕೊಟ್ಟಾರ” ಎಂದರೆ ಸರಿ, ಮಾತು ಮುಗಿಯಿತು. ಈ ಭಕ್ತಿ ನನ್ನಲ್ಲಿಯೂ ಬೇಕಾದಷ್ಟಿತ್ತು. ಅದು ಇಳಿದದ್ದು ಮೂರು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ಮರುವಾರ, ಬೀದರಿನ ನಮ್ಮ ಮನೆಯಲ್ಲಿ.

ನಮ್ಮ ದೊಡ್ಡವ್ವ ಮೂರು ಊರಿನವಳು. ಔರಾದ ತಾಲೂಕಿನ ಹಳ್ಳಿಯಲ್ಲಿ ಅವಳ ಹೊಲಮನೆ, ಅಲ್ಲಿ ಮಗನಿದ್ದಾನೆ. ಭಾಲ್ಕಿಯಲ್ಲಿ ಮಗಳು. ಬೀದರಿನಲ್ಲಿ ನಾನು, ಮೈದುನನ ಮಗ. ಎಳೆತನದಲ್ಲಿ ತಾಯಿಯನ್ನು ಕಳೆದುಕೊಂಡ ನನ್ನನ್ನು ಸಾಕಿದವಳು ಅವಳೇ. ಔರಾದಾಗಲಿ ಭಾಲ್ಕಿಯಾಗಲಿ ಬೀದರಿಗೆ ಸುಮಾರು 40 ಕಿಲೋಮೀಟರ್. ಎಂಬತ್ತು ದಾಟಿದ ಮೇಲೆಯೂ ಅವಳು ಈ ಮೂರು ಮನೆಗಳ ನಡುವೆ ಒಬ್ಬಳೇ ತಿರುಗಾಡುತ್ತಿದ್ದಳು. ಯಾವ ವರ್ಷ ಎಷ್ಟು ಚೀಲ ತೊಗರಿ ಬಂತು, ಯಾರ ಮದುವೆಗೆ ಯಾರು ಎಷ್ಟು ಮುಯ್ಯಿ ಮಾಡಿದರು ಎಂಬುದೆಲ್ಲ ಅವಳ ಬಾಯಲ್ಲೇ ಇತ್ತು. ಅವಳ ಜೊತೆಗೆ ಒಂದು ಬಟ್ಟೆಯ ಚೀಲವೂ ಊರಿಂದೂರಿಗೆ ಪ್ರವಾಸ ಮಾಡುತ್ತಿತ್ತು. ಅದರ ಒಳಗೇನಿದೆಯೆಂದು ನಾವು ಮೂವರೂ ನೋಡಿದವರಲ್ಲ. ಅದು ಅವಳ ಚೀಲ, ಅವಳ ಗುಳಿಗೆ.

ಆ ಶನಿವಾರ ಭಾಲ್ಕಿಯಿಂದ ರೈಲಿನಲ್ಲಿ ಬಂದಳು. ಬೀದರಿನ ಚಳಿ ಗೊತ್ತಲ್ಲ. ಎತ್ತರದ ಕೆಂಪು ನೆಲ, ಕೋಟೆಯ ಕಡೆಯಿಂದ ಬೀಸುವ ಗಾಳಿ. ರವಿವಾರ ಮೂಗು ಕಟ್ಟಿತು, ಕೆಮ್ಮು ಹತ್ತಿತು. ನಾನು ಔಷಧಿಯಂಗಡಿಗೆ ಹೋಗಿ ನೆಗಡಿಯ ಗುಳಿಗೆ, ಕೆಮ್ಮಿನ ಸಿರಪ್ಪು ಎರಡನ್ನೂ ತಂದೆ. ಚೀಟಿಯನ್ನು ನಾನು ಒಯ್ದಿರಲಿಲ್ಲ, ಅಂಗಡಿಯವರು ಕೇಳಲೂ ಇಲ್ಲ. ನೆಗಡಿಗೆ ಯಾರಾದರೂ ದವಾಖಾನೆಗೆ ಹೋಗುತ್ತಾರೆಯೇ? ರವಿವಾರ ರಾತ್ರಿ ಕೊಟ್ಟೆ, ಸೋಮವಾರ ಮೂರು ಹೊತ್ತು ಕೊಟ್ಟೆ. ಸೋಮವಾರ ರಾತ್ರಿ ನಿದ್ದೆ ಚೆನ್ನಾಗಿ ಬರಲೆಂದು ಸಿರಪ್ಪನ್ನು ಒಂದು ಮುಚ್ಚಳಕ್ಕೆ ಬದಲು ಎರಡು ಮುಚ್ಚಳ ಕುಡಿಸಿದೆ.

ರಾತ್ರಿ ಎರಡರ ಸುಮಾರಿಗೆ ಎಚ್ಚರವಾಯಿತು. ದೊಡ್ಡವ್ವ ಹಾಸಿಗೆಯ ಮೇಲೆ ಎದ್ದು ಕುಳಿತು ಹೊದಿಕೆಯಿಂದ ಏನನ್ನೋ ಆರಿಸುತ್ತಿದ್ದಳು. ಹೆಬ್ಬೆರಳು ತೋರುಬೆರಳು ಸೇರಿಸಿ ಕಾಳು ಎತ್ತಿ ಉಡಿಯಲ್ಲಿ ಹಾಕುವ ಹಾಗೆ. ಅಲ್ಲಿ ಕಾಳೂ ಇರಲಿಲ್ಲ, ಏನೂ ಇರಲಿಲ್ಲ. ದೀಪ ಹಾಕಿದೆ. ನನ್ನನ್ನು ನೋಡಿ ಬೆದರಿ, ದನಿ ತಗ್ಗಿಸಿ, “ಅಣ್ಣಾ, ದೀಪ ಆರ್ಸು. ರಜಾಕಾರರು ಬರ್ಲತ್ತಾರ. ಹಗೇವಿನಾಗ ಇಳೀರಿ ಎಲ್ಲಾರೂ” ಎಂದಳು.

1948ರಲ್ಲಿ ಅವಳು ಏಳೆಂಟು ವರ್ಷದ ಹುಡುಗಿ. ಆ ವರ್ಷ ನಮ್ಮ ಜಿಲ್ಲೆ ಏನೇನು ಕಂಡಿತೆಂಬುದನ್ನು ಗೋರಟಾ ಎಂಬ ಒಂದು ಊರಿನ ಹೆಸರೇ ಹೇಳುತ್ತದೆ. ಸೆಪ್ಟೆಂಬರ್ 17ರಂದು ನಿಜಾಮನ ಆಳಿಕೆ ಮುಗಿಯುವ ತನಕ ಊರವರು ರಾತ್ರಿ ಕಾಳಿನ ಹಗೇವಿನಲ್ಲಿ ಅಡಗಿ ಕೂರುತ್ತಿದ್ದರೆಂದು ಅವಳು ಹಿಂದೊಮ್ಮೆ ಹೇಳಿದ್ದಳು. ಕಥೆಯಾಗಿ, ನಗುತ್ತಲೇ ಹೇಳಿದ್ದಳು. ಈಗ ಅವಳು ಕಥೆ ಹೇಳುತ್ತಿರಲಿಲ್ಲ. ಆ ಹಗೇವಿನೊಳಗೇ ಇದ್ದಳು. ನಾನು ಅವಳ ಪಾಲಿಗೆ ಎಂದೋ ತೀರಿಹೋದ ಅವಳ ಅಣ್ಣನಾಗಿದ್ದೆ.

ಬೆಳಗಾಗುವ ಹೊತ್ತಿಗೆ ಸ್ವಲ್ಪ ತಿಳಿಯಾದಳು. ನನ್ನ ಹೆಸರು ಹಿಡಿದು ಕರೆದಳು, ಚಹ ಕುಡಿದಳು. ಕನಸು ಕಂಡಿದ್ದಾಳೆ ಎಂದುಕೊಂಡೆವು. ಮಧ್ಯಾಹ್ನಕ್ಕೆ ಮತ್ತೆ ಮಾತು ಎಲ್ಲೆಲ್ಲಿಗೋ ಹೋಯಿತು. ಸಂಜೆಗೆ ಬಾಗಿಲು ತೆಗೆದು ಬೀದಿಗೆ ಹೊರಟಳು. ನೆರೆಯ ಹಿರಿಯರೊಬ್ಬರು ನೋಡಿ, “ಅರವತ್ತಕ್ಕ ಅರಳು ಮರಳು ಅಂತಾರ, ಇವರಿಗಿ ಇಪ್ಪತ್ತು ವರ್ಷ ತಡಾ ಆಗಿ ಬಂತು, ಅಷ್ಟೆ” ಎಂದು ಸಮಾಧಾನ ಹೇಳಿದರು. ಇನ್ನೊಬ್ಬರು ನೆರಳು ಬಿದ್ದಿದೆ, ತಾಯಿತ ಕಟ್ಟಿಸಿರಿ ಎಂದರು. ಓದಿದವನಾದ ನಾನು ನೆರಳನ್ನು ನಂಬಲಿಲ್ಲ, ಅರಳು ಮರಳನ್ನು ನಂಬಿದೆ. ಈಗ ಯೋಚಿಸಿದರೆ ಅವೆರಡರಲ್ಲಿ ಹೆಚ್ಚು ಅಪಾಯದ್ದು ನನ್ನ ನಂಬಿಕೆಯೇ. ತಾಯಿತ ಕಟ್ಟುವವನು ಹೋದದ್ದು ಮರಳಿ ಬಂದೀತೆಂಬ ಆಸೆಯಿಂದಾದರೂ ಕಟ್ಟುತ್ತಾನೆ. ಮುಪ್ಪು ಎಂದವನು ಕೈ ತೊಳೆದುಕೊಂಡಿರುತ್ತಾನೆ.

ಬುಧವಾರ ಔರಾದಿನಿಂದ ಅಣ್ಣ ಬಂದ, ಭಾಲ್ಕಿಯಿಂದ ಅಕ್ಕ ಬಂದಳು. ದೊಡ್ಡವ್ವ ಒಳಕೋಣೆಯಲ್ಲಿ ಮಂಪರಿನಲ್ಲಿ ಮಲಗಿದ್ದಳು. ನಾವು ಮೂವರು ಪಡಸಾಲೆಯಲ್ಲಿ ಕುಳಿತು ಮಾತಾಡಿದೆವು. ಇನ್ನು ಅವಳನ್ನು ಒಬ್ಬಳೇ ಬಿಡುವಂತಿಲ್ಲ, ಯಾರು ನೋಡಿಕೊಳ್ಳುವುದು? ಒಬ್ಬೊಬ್ಬರ ಮನೆಯಲ್ಲಿ ನಾಲ್ಕು ನಾಲ್ಕು ತಿಂಗಳು ಎಂದು ಲೆಕ್ಕ ಹಾಕಿದ್ದು ನಾನು. ಹೊಲ ಅವಳ ಹೆಸರಿನಲ್ಲಿದೆ, ಕೈ ಓಡುತ್ತಿರುವಾಗಲೇ ಸಹಿ ಮಾಡಿಸಿಕೊಂಡರೆ ಒಳ್ಳೆಯದು ಎಂದವನು ಅಣ್ಣ. ಅವನು ಕೆಟ್ಟವನಲ್ಲ, ಸಂಸಾರಸ್ಥನಿಗೆ ಬರಬೇಕಾದ ಯೋಚನೆ ಅವನಿಗೆ ಬಂತು. ಅಕ್ಕ ಸುಮ್ಮನೆ ಅಳುತ್ತಿದ್ದಳು.

ಈ ಎರಡು ದಿನವೂ ನಾನು ಒಂದು ಕೆಲಸವನ್ನು ಮಾತ್ರ ತಪ್ಪದೆ ಮಾಡಿದೆ. ಚೀಲದೊಳಗಿನ ಗುಳಿಗೆಗಳನ್ನೂ ನಾನು ತಂದ ಗುಳಿಗೆ ಸಿರಪ್ಪುಗಳನ್ನೂ ಹೊತ್ತು ಹೊತ್ತಿಗೆ, ಬಾಯಿ ಬಿಡಿಸಿ, ಬೆಲ್ಲದ ನೀರು ಕುಡಿಸಿ, ನುಂಗಿಸಿದೆ. ಅವಳಿಗೆ ನೆನಪಿಲ್ಲವಲ್ಲ, ನಾವಾದರೂ ನೆನಪಿಡಬೇಡವೇ?

ಗುರುವಾರ ಮುಂಜಾನೆ ನನ್ನ ಹೆಂಡತಿ ಹೇಳಿದಳು: “ನಿನ್ನಿ ಮಧ್ಯಾಹ್ನದಿಂದ ಅತ್ತಿಯವರು ಮೂತ್ರಕ್ಕ ಹೋಗಿಲ್ರಿ. ಹೊಟ್ಟಿ ಉಬ್ಬ್ಯದ.” ಅದೊಂದು ಮಾತು ನಮ್ಮನ್ನು ದವಾಖಾನೆಗೆ ಕರೆದುಕೊಂಡು ಹೋಯಿತು.

ನೋಡಿದವರು ಚಿಕ್ಕ ವಯಸ್ಸಿನ ವೈದ್ಯೆ. ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಿದರು. ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವವರಿಗೆ ಸಕ್ಕರೆ ತೀರ ಇಳಿದರೂ ಹೀಗೆ ಬುದ್ಧಿ ತಪ್ಪುವುದುಂಟಂತೆ, ಅದನ್ನು ನಿಮಿಷದಲ್ಲಿ ಸರಿಪಡಿಸಬಹುದಂತೆ. ಅದು ಸರಿಯಾಗಿಯೇ ಇತ್ತು. ಜ್ವರ, ಎದೆ, ಮೂತ್ರ, ರಕ್ತದಲ್ಲಿಯ ಉಪ್ಪಿನ ಅಂಶ ಒಂದೊಂದನ್ನೂ ಪರೀಕ್ಷೆಗೆ ಹಾಕಿದರು. ವಾರಗಳ ಹೆಸರನ್ನು ಹಿಂದುಮುಂದಾಗಿ ಹೇಳಿಸಿದರು. ದೊಡ್ಡವ್ವ ಶನಿವಾರ, ಶುಕ್ರವಾರ ಎಂದಳು. ಅಲ್ಲಿಂದ ಮುಂದೆ ಶುಕ್ರವಾರದ ಸಂತೆಗೆ ಹೋಗಿಬಿಟ್ಟಳು. ಬಳಿಕ ವೈದ್ಯೆ ಅವಳ ನಾಲಿಗೆ ನೋಡಿದರು; ಒಣಗಿದ ಚಕ್ಕಳದಂತಿತ್ತು. ಕೆನ್ನೆ ಮುಟ್ಟಿದರು, ಬಿಸಿ, ಕೆಂಪು, ಬೆವರಿನ ಪಸೆಯಿಲ್ಲ. ಕಣ್ಣಿಗೆ ದೀಪ ಹಿಡಿದರು. ಕಣ್ಣಿನ ಪಾಪೆ ಬೆಳಕಿಗೂ ಕುಗ್ಗದೆ ಅಗಲವಾಗಿ ನಿಂತಿತ್ತು. ನಮ್ಮ ಕಡೆ ತಿರುಗಿ ಕೇಳಿದರು:

“ಮುಪ್ಪು ಸಂಜೀ ಬೆಳಕಿನ ಹಂಗ ಮೆಲ್ಲಕ ಬರ್ತದ್ರಿ. ಸೋಮವಾರ ತನಕ ಶ್ಯಾಣ್ಯಾ ಇದ್ದವರು ಮಂಗಳವಾರ ಮರುಳಾದರಂದ್ರ, ನಡುವ ಹೊಟ್ಟಿಗಿ ಏನು ಹೋಯ್ತು ಅದನ್ನ ಹೇಳ್ರಿ.”

ಚೀಲ ತರಿಸಿದೆವು. ಮೇಜಿನ ಮೇಲೆ ಸುರಿದೆವು. ಮೂರು ಊರೂ ಅಲ್ಲಿ ಕೂಡಿದವು.

ಸಕ್ಕರೆಗೆ, ರಕ್ತದೊತ್ತಡಕ್ಕೆ ಎಂದು ಹಳೆಯ ಗುಳಿಗೆಗಳು ಇದ್ದವು, ಅವುಗಳಿಂದ ತೊಂದರೆಯಿಲ್ಲ. ರಾತ್ರಿ ಮೇಲಿಂದ ಮೇಲೆ ಮೂತ್ರಕ್ಕೆ ಏಳುತ್ತಾಳೆಂದು ಔರಾದಿನಲ್ಲಿ ಒಬ್ಬ ವೈದ್ಯರು ಒಂದೂವರೆ ತಿಂಗಳ ಹಿಂದೆ ಆಕ್ಸಿಬ್ಯುಟಿನಿನ್ ಕೊಟ್ಟಿದ್ದರು. ಅಂಗಾಲು ಉರಿಯುತ್ತದೆಂದು ಭಾಲ್ಕಿಯಲ್ಲಿ ಇನ್ನೊಬ್ಬರು ಎರಡು ವಾರದ ಹಿಂದೆ ಅಮಿಟ್ರಿಪ್ಟಿಲಿನ್ ಕೊಟ್ಟಿದ್ದರು. ಬೀದರಿನಲ್ಲಿ ನಾನು ತಂದ ನೆಗಡಿಯ ಗುಳಿಗೆಯಲ್ಲಿ ಕ್ಲೋರ್‌ಫೆನಿರಮೈನ್ ಇತ್ತು; ಕೆಮ್ಮಿನ ಸಿರಪ್ಪಿನಲ್ಲಿಯೂ ಅದೇ ಇತ್ತು. ಒಂದೇ ಮದ್ದನ್ನು ಎರಡು ಹೆಸರಿನಲ್ಲಿ ತಂದು, ಅದರಲ್ಲಿ ಒಂದನ್ನು ಇಮ್ಮಡಿ ಮಾಡಿ ಕುಡಿಸಿದ್ದೆ. ಒಂದು ಮೂತ್ರಕ್ಕೆ, ಒಂದು ಅಂಗಾಲಿಗೆ, ಒಂದು ಮೂಗಿಗೆ. ಹೊರಗೆ ಮೂರು ಹೆಸರು, ಮೂರು ಕೆಲಸ. ಒಳಗೆ ಮೂರಕ್ಕೂ ಒಂದೇ ಗುಣ.

ಆ ಗುಣವೇನೆಂಬುದನ್ನು ವೈದ್ಯೆ ಹೇಳಿದಷ್ಟು, ಆಮೇಲೆ ನಾನು ಓದಿ ತಿಳಿದಷ್ಟು ಇಲ್ಲಿ ಬರೆಯುತ್ತೇನೆ. ನಮ್ಮ ನರಗಳು ಒಂದಕ್ಕೊಂದು ಮಾತಾಡುವುದು ರಾಸಾಯನಿಕಗಳ ಮೂಲಕ. ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಒಟ್ಟೊ ಲೋವಿ ಎಂಬ ವಿಜ್ಞಾನಿ 1921ರಲ್ಲಿ ಕಪ್ಪೆಯ ಹೃದಯಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದ. 1936ರ ನೊಬೆಲ್ ಬಹುಮಾನ ಅವನಿಗೂ ಇಂಗ್ಲೆಂಡಿನ ಹೆನ್ರಿ ಡೇಲನಿಗೂ ಬಂತು. ಆ ರಾಸಾಯನಿಕದ ಹೆಸರು ಅಸಿಟೈಲ್‌ಕೋಲಿನ್. ಬಾಯಲ್ಲಿ ನೀರೂರುವುದು, ಬೆವರುವುದು, ಮೂತ್ರಕೋಶ ಹಿಂಡುವುದು, ಬೆಳಕಿಗೆ ಕಣ್ಣಿನ ಪಾಪೆ ಕುಗ್ಗುವುದು ಎಲ್ಲಕ್ಕೂ ಅದು ಬೇಕು. ಮಿದುಳಿನಲ್ಲಿ ಮನಸ್ಸನ್ನು ಒಂದು ಕಡೆ ನಿಲ್ಲಿಸುವುದಕ್ಕೂ ನೆನಪನ್ನು ಕೂಡಿಸುವುದಕ್ಕೂ ಅದೇ ಬೇಕು. ನಾನು ಹೇಳಿದ ಮೂರು ಮದ್ದುಗಳೂ ಅದರ ದಾರಿಗೆ ಅಡ್ಡ ನಿಲ್ಲುತ್ತವೆ. ಪ್ರಾಯದವರಲ್ಲಿ ಬಾಯಿ ಒಣಗೀತು, ತೂಕಡಿಕೆ ಬಂದೀತು. ಮುಪ್ಪಿನಲ್ಲಿ ಆ ರಾಸಾಯನಿಕದ ಸಂಗ್ರಹವೇ ಕಡಿಮೆ; ಮದ್ದನ್ನು ಹೊರಹಾಕುವ ಮೂತ್ರಪಿಂಡ, ಯಕೃತ್ತುಗಳೂ ನಿಧಾನ. ಒಂದು ಗುಳಿಗೆಯನ್ನು ದೇಹ ತಾಳಿಕೊಂಡೀತು. ಮೇಲೆ ಎರಡನೆಯದು, ಮೂರನೆಯದು ಬಿದ್ದರೆ ಕಟ್ಟೆ ಒಡೆಯುತ್ತದೆ. ಇದರಲ್ಲಿ ಇನ್ನೊಂದು ತಮಾಷೆಯೂ ಇದೆ: ಗುಳಿಗೆಯಿಂದ ಬಾಯಿ ಒಣಗಿತು, ಬಾಯಿ ಒಣಗಿತೆಂದು ರಾತ್ರಿ ತಂಬಿಗೆಗಟ್ಟಲೆ ನೀರು ಕುಡಿದಳು, ನೀರು ಕುಡಿದು ಮತ್ತೆ ಮೂತ್ರಕ್ಕೆದ್ದಳು, ಎದ್ದಳೆಂದು ಅದೇ ಗುಳಿಗೆಯನ್ನು ಮುಂದುವರಿಸಿದೆವು.

ನಾವು ಕೇಳದ ಸಂಗತಿಯೇನೂ ಇದಲ್ಲ. ನಮ್ಮ ಹೊಲದ ಬದುವಿನ ಮೇಲೆ, ಹಾಳು ಗೋಡೆಯ ಮಗ್ಗುಲಲ್ಲಿ ಬೆಳೆಯುವ ದತ್ತೂರಿ ಗಿಡವನ್ನು ಕಾಣದವರು ಯಾರು? ಬಿಳಿಯ ಕಹಳೆಯಂಥ ಹೂವು, ಮುಳ್ಳಿನ ಕಾಯಿ. ಅದಕ್ಕೆ ಉಮ್ಮತ್ತಿ ಎಂದೂ ಹೆಸರು. ಉನ್ಮತ್ತ ಎಂಬ ಮಾತೇ ಸವೆದು ಹಾಗಾಗಿದೆ. ಶಿವನಿಗೆ ಪ್ರಿಯವಾದ ಹೂವೆಂದು ದೊಡ್ಡವ್ವ ಶಿವರಾತ್ರಿಯಂದು ಅದನ್ನು ಬಿಡಿಸಿಕೊಂಡು ಔರಾದಿನ ಅಮರೇಶ್ವರನ ಗುಡಿಗೆ ಒಯ್ಯುತ್ತಿದ್ದಳು. ಹಿಂದೆ ಹೋಗುವ ನಮಗೆ, “ಕೈ ಬಾಯಿಗೆ ಇಟ್ಟೀರಿ, ಹುಚ್ಚು ಹಿಡೀತದ” ಎಂದು ಗದರಿಸುತ್ತಿದ್ದಳು. ದತ್ತೂರಿಯಲ್ಲಿರುವ ಅಟ್ರೋಪಿನ್, ಸ್ಕೋಪೊಲಮಿನ್ ಎಂಬ ವಿಷಗಳು ಮಾಡುವ ಕೆಲಸವೂ ಇದೇ: ಅಸಿಟೈಲ್‌ಕೋಲಿನ್ನಿಗೆ ಅಡ್ಡ ನಿಲ್ಲುವುದು. ದತ್ತೂರಿ ತಿಂದವನ ಬಾಯಿ ಒಣಗುತ್ತದೆ, ಮೈ ಕಾಯುತ್ತದೆ, ಪಾಪೆ ಅಗಲವಾಗುತ್ತದೆ, ಇಲ್ಲದ್ದು ಕಾಣುತ್ತದೆ. ಗಿಡವನ್ನು ಕಂಡು ಹೆದರುವುದನ್ನು ಅಜ್ಜಂದಿರು ನಮಗೆ ಕಲಿಸಿದರು. ಅದೇ ಕೆಲಸ ಮಾಡುವ ಬಿಳಿಯ ಗುಳಿಗೆಗೆ ಹೆದರುವುದನ್ನು ಕಲಿಸುವ ಹೊತ್ತಿಗೆ ಅವರಿರಲಿಲ್ಲ.

ಹೀಗೆ ಥಟ್ಟನೆ ಬುದ್ಧಿ ತಪ್ಪುವುದಕ್ಕೆ ವೈದ್ಯರು ಡಿಲೀರಿಯಮ್ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಸನ್ನಿ ಎಂಬ ಹಳೆಯ ಮಾತಿತ್ತು. ಸನ್ನಿ ಬೇರೆ, ಅರಳು ಮರಳು ಬೇರೆ ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು; ಆ ಮಾತನ್ನು ಕಳೆದುಕೊಂಡ ನಾವು ಎರಡನ್ನೂ ಒಂದು ಮಾಡಿದೆವು. 1990ರಲ್ಲಿ ಅಮೆರಿಕದ ಶಾರನ್ ಇನೂಯಿ ಎಂಬ ವೈದ್ಯೆಯೂ ಅವರ ಸಂಗಡಿಗರೂ ಇದನ್ನು ಗುರುತಿಸುವ ಸುಲಭ ಕ್ರಮವೊಂದನ್ನು ಪ್ರಕಟಿಸಿದರು. ಗಲಿಬಿಲಿ ಒಮ್ಮೆಲೇ ಬಂದು ಏರಿಳಿಯುತ್ತಿದೆಯೇ? ಮನಸ್ಸು ಒಂದು ಕಡೆ ನಿಲ್ಲದಾಗಿದೆಯೇ? ಇವೆರಡೂ ಇದ್ದು, ಮಾತು ಕೂಡದಂತಾಗಿದ್ದರೆ ಅಥವಾ ಎಚ್ಚರದಲ್ಲಿ ಏರುಪೇರಿದ್ದರೆ, ಅದು ಸನ್ನಿ. ಅದಕ್ಕೆ ಕಾರಣವನ್ನು ಹುಡುಕಲೇಬೇಕು. ವಾರಗಳನ್ನು ಹಿಂದುಮುಂದು ಹೇಳಿಸಿದ್ದು ಮನಸ್ಸು ನಿಲ್ಲುತ್ತದೆಯೇ ನೋಡುವುದಕ್ಕೆ. ಮುಂಜಾನೆ ತಿಳಿಯಾಗಿ ಸಂಜೆ ಕದಡಿದ್ದು ಕನಸೂ ಅಲ್ಲ, ಹಟವೂ ಅಲ್ಲ. ಅದೇ ರೋಗದ ಗುರುತು.

ಮುದುಕರಿಗೆ ಯಾವ ಮದ್ದು ಅಪಾಯ ಎಂಬುದರ ಒಂದು ಪಟ್ಟಿಯನ್ನು ಮಾರ್ಕ್ ಬಿಯರ್ಸ್ ಎಂಬ ಅಮೆರಿಕದ ವೈದ್ಯರು 1991ರಲ್ಲಿಯೇ ಸಿದ್ಧಪಡಿಸಿದರು. ಅಲ್ಲಿಯ ವೃದ್ಧವೈದ್ಯರ ಸಂಘ ಅದನ್ನು ಆಗಾಗ ತಿದ್ದುತ್ತದೆ, 2023ರಲ್ಲಿಯೂ ತಿದ್ದಿದೆ. ನಮ್ಮ ಚೀಲದ ಮೂರು ಮದ್ದುಗಳೂ ಎಚ್ಚರಿಕೆಯ ಮಾತಿನೊಡನೆ ಅದರಲ್ಲಿವೆ. ಇಂಥವು ಎರಡು ಕೂಡಬಾರದು ಎಂಬ ಮಾತೂ ಇದೆ. ಔರಾದಿನ ವೈದ್ಯರು ಭಾಲ್ಕಿಯ ಚೀಟಿಯನ್ನು ಕಂಡವರಲ್ಲ, ಭಾಲ್ಕಿಯವರು ಔರಾದಿನದನ್ನು ಕಂಡವರಲ್ಲ. ತೋರಿಸಬೇಕಾದವರು ನಾವು. ಮೂರನೆಯದಕ್ಕೆ ವೈದ್ಯರೇ ಇರಲಿಲ್ಲ. ಅಲ್ಲಿ ನಾನೇ ವೈದ್ಯ.

ವೈದ್ಯೆ ಆ ಮೂರನ್ನೂ ನಿಲ್ಲಿಸಿದರು. ನಳಿಕೆ ಹಾಕಿ ಮೂತ್ರ ತೆಗೆದರು. ಮೈಗೆ ನೀರು ಹರಿಸಿದರು. ಬೇರೆ ಮಾಡಿದ್ದು ಹೆಚ್ಚೇನಿಲ್ಲ. ಕನ್ನಡಕ ಹಾಕಿಸಿರಿ, ಹಗಲು ಕಿಟಕಿ ತೆರೆಯಿರಿ, ರಾತ್ರಿ ಸಣ್ಣ ದೀಪ ಇರಲಿ, ಪರಿಚಯದ ಮುಖವೊಂದು ಸದಾ ಎದುರಿಗಿರಲಿ, ಇದು ಬೀದರು, ಇದು ದವಾಖಾನೆ ಎಂದು ಮೆಲ್ಲಗೆ ಹೇಳುತ್ತಿರಿ, ವಾದ ಮಾಡಬೇಡಿರಿ ಎಂದರು. ಅಕ್ಕ ಕೈ ಹಿಡಿದು ಕೂತಳು. ಇನ್ನೊಂದು ಮಾತನ್ನೂ ಒತ್ತಿ ಹೇಳಿದರು: ಅಪಾಯವೆಂದು ತಿಳಿದ ಕೂಡಲೇ ಮನೆಯಲ್ಲಿ ಎಲ್ಲ ಗುಳಿಗೆಗಳನ್ನೂ ಚೆಲ್ಲಬಾರದು. ಬಹುಕಾಲ ನಿದ್ದೆಯ ಗುಳಿಗೆ ನುಂಗಿದವರು ಒಮ್ಮೆಲೇ ಬಿಟ್ಟರೂ ಸನ್ನಿ ಬರುತ್ತದೆ. ಏನನ್ನು ಬಿಡಬೇಕು, ಏನನ್ನು ಮೆಲ್ಲಗೆ ಇಳಿಸಬೇಕು ಎಂಬುದು ವೈದ್ಯರ ಕೆಲಸ; ಚೀಲವನ್ನು ಪೂರ್ತಿ ಎದುರಿಗೆ ಸುರಿಯುವುದು ನಮ್ಮ ಕೆಲಸ.

ಶುಕ್ರವಾರ ಬಾಯಲ್ಲಿ ಪಸೆ ಬಂತು. ಶನಿವಾರ ಕಾಳು ಆರಿಸುವುದು ನಿಂತಿತು. ಸೋಮವಾರ ಮುಂಜಾನೆ ನಾನು ಹೋದಾಗ ಗೋಡೆಗೆ ಒರಗಿ ಕುಳಿತಿದ್ದಳು. “ತಮ್ಮಾ, ಮೊನ್ನಿಯಿಂದ ಅಂಗಡಿ ತೆಗದಿದ್ದಿ ಏನು ಇಲ್ಲಾ?” ಎಂದು ಕೇಳಿದಳು. ನನಗೆ ಮಾತು ಬರಲಿಲ್ಲ. ಮನೆಗೆ ಬರುವಾಗ ಆಟೋದಿಂದ ಹೊರಗೆ ನೋಡಿ, “ಚೌಬಾರಾ ಬಂತು, ಇನ್ನ ಮನೀ ಬಂತು” ಎಂದು ತನಗೆ ತಾನೇ ಹೇಳಿಕೊಂಡಳು. ಮೊದಲಿನ ಚುರುಕು ಪೂರ್ತಿ ಬರಲು ಒಂದು ತಿಂಗಳು ಹಿಡಿಯಿತು. ಎಲ್ಲರಿಗೂ ಹಾಗೆ ಬರುವುದಿಲ್ಲ. ತಡವಾದಷ್ಟೂ ನಷ್ಟ ಎಂದು ವೈದ್ಯೆ ಹೇಳಿದ್ದರು. ಆ ಎರಡು ದಿನ ಇಂದಿಗೂ ನನ್ನ ಲೆಕ್ಕದಲ್ಲಿಯೇ ಇವೆ.

ಇಷ್ಟಕ್ಕೇ ಮುಗಿದಿದ್ದರೆ ಈ ಪ್ರಬಂಧವನ್ನು ಬರೆಯುತ್ತಿರಲಿಲ್ಲವೇನೋ. ಸನ್ನಿಯಲ್ಲಿದ್ದವರಿಗೆ ಏನೂ ತಿಳಿಯುವುದಿಲ್ಲ, ಏನೂ ನೆನಪುಳಿಯುವುದಿಲ್ಲ ಎಂದು ನಾನು ಭಾವಿಸಿದ್ದೆ. ಒಂದು ಸಂಜೆ ನಾವು ಮೂವರೂ ಇದ್ದಾಗ, ತೊಗರಿಕಾಳನ್ನು, ಈ ಸಲ ನಿಜವಾದ ಕಾಳನ್ನು, ಆರಿಸುತ್ತ ತಲೆ ಎತ್ತದೆ ಹೇಳಿದಳು:

“ನಾಕ ನಾಕ ತಿಂಗಳು ಅಂದ್ರಿ. ಮೂರು ನಾಕಲೆ ಹನ್ನೆರಡು. ಲೆಕ್ಕ ಸರಿ ಅದ.”

ಯಾರೂ ಮಾತಾಡಲಿಲ್ಲ. ಅಣ್ಣ ಎದ್ದು ಅಂಗಳಕ್ಕೆ ಹೋದ. ಅವಳು ಸಿಟ್ಟಿನಿಂದ ಹೇಳಿದ್ದಲ್ಲ. ಅದೇ ನಮಗೆ ತಾಳಲಾಗಲಿಲ್ಲ. ಹಗೇವಿನ ಕತ್ತಲೆಯಲ್ಲಿ ಕೂತವಳಿಗೆ ಪಡಸಾಲೆಯ ಮಾತು ಕೇಳಿಸಿತ್ತು. ಮನೆಯಲ್ಲಿ ಹಿರಿಯರು ಬುದ್ಧಿ ತಪ್ಪಿ ಮಲಗಿದಾಗ ಅವರ ಎದುರು ಏನು ಮಾತಾಡುತ್ತೇವೆಂಬುದಕ್ಕೆ ಓದುಗರು ದಯವಿಟ್ಟು ಲಕ್ಷ್ಯ ಕೊಡಬೇಕು. ಕಿವಿ ಮುಚ್ಚಿರುವುದಿಲ್ಲ.

ನಮ್ಮ ದೊಡ್ಡಪ್ಪ ಭಾಲ್ಕಿಯ ಹಿರೇಮಠದ ಆಶ್ರಯದಲ್ಲಿ ಕನ್ನಡ ಕಲಿತವರು. ನಿಜಾಮನ ಕಾಲದಲ್ಲಿ ಕನ್ನಡ ಕಲಿಸುವುದು ಕಷ್ಟವಾಗಿದ್ದಾಗ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದು ನಮ್ಮ ಜಿಲ್ಲೆಯ ಮಕ್ಕಳಿಗೂ ಗೊತ್ತಿದೆ. ಆ ಅಕ್ಷರಗಳನ್ನು ದೊಡ್ಡಪ್ಪ ಮನೆಗೆ ತಂದು ಹೆಂಡತಿಗೆ ಕಲಿಸಿದರು. ಅಣ್ಣ ಅವಸರಪಟ್ಟ ಸಹಿ ಆ ಅಕ್ಷರದ್ದು. ಹೊಲ ಇಂದಿಗೂ ಅವಳ ಹೆಸರಿನಲ್ಲಿಯೇ ಇದೆ.

ಈಗ ಅವಳ ಚೀಲದಲ್ಲಿ ಒಂದು ನೋಟುಪುಸ್ತಕವೂ ಇದೆ. ಯಾವ ಗುಳಿಗೆ, ಏತಕ್ಕೆ, ಯಾರು ಕೊಟ್ಟರು, ಯಾವ ತಾರೀಖಿನಿಂದ, ಎಲ್ಲಿಯವರೆಗೆ ಎಂದು ಕನ್ನಡದಲ್ಲಿ ಬರೆದಿದೆ. ಮೂರು ಊರಿನಲ್ಲಿಯೂ ವೈದ್ಯರಿಗೆ ಮೊದಲು ಅದನ್ನೇ ತೋರಿಸುತ್ತಾಳೆ. ಅಂಗಡಿಯಿಂದ ನಾವೇ ತಂದ ನೆಗಡಿಯ ಮದ್ದು, ಹೊಟ್ಟೆನೋವಿನ ಮದ್ದು, ತುರಿಕೆಯ ಮದ್ದು ಯಾವುದೂ ಅದರಿಂದ ಹೊರತಲ್ಲ. ಮದ್ದಿನಿಂದ ಕೇಡಾದರೆ ತಿಳಿಸಲು ನಮ್ಮ ದೇಶದಲ್ಲಿ 2010ರಿಂದ ಒಂದು ಸರಕಾರಿ ಏರ್ಪಾಡಿದೆ. ಗಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗ ಅದನ್ನು ನಡೆಸುತ್ತದೆ. 1800-180-3024 ಎಂಬ ಸಂಖ್ಯೆಗೆ ಯಾರು ಬೇಕಾದರೂ ಹಣವಿಲ್ಲದೆ ಕರೆ ಮಾಡಬಹುದು. ನಾನು ಇದನ್ನು ತಿಳಿದದ್ದು ತಡವಾಗಿ.

ಹೋದ ವಾರ ಮತ್ತೆ ಬೀದರಿಗೆ ಬಂದಿದ್ದಾಳೆ. ದತ್ತೂರಿಯ ಸಂಗತಿಯನ್ನು ನಾನು ವಿವರಿಸಿದಾಗ ಬಹಳ ಹೊತ್ತು ನಕ್ಕಿದ್ದಳು: “ಶಿವಗ ಏರ್ಸೋದು ನನಗ ಏರ್ಸಿದ್ರೇನು!” ಅಂದಿನಿಂದ ಯಾವ ಹೊಸ ಗುಳಿಗೆ ಕೈಗಿಟ್ಟರೂ ಒಡನೆ ಬಾಯಿಗೆ ಹಾಕುವುದಿಲ್ಲ. ಕನ್ನಡಕ ಏರಿಸಿ, ಅಂಗೈಯಲ್ಲಿಟ್ಟು ಹೊರಳಿಸಿ, ನನ್ನ ಮುಖ ನೋಡಿ ಕೇಳುತ್ತಾಳೆ:

“ಹೊರಗ ಏನು ಬರದದ ಅದು ಇರ್ಲಿ. ಒಳಗ ಏನದ, ಅದನ್ನ ಓದು.”